ಎದುರುಗೋಡೆಯಲ್ಲೊಂದು ಬಾಗಿಲು

ಗಾಜಿಪುರ ಓಣಿಯ ಸುಜಾತಾ ಹೊಸಮನಿ ಸ್ಕ್ವಾಶ್ ಆಡುತ್ತಾಳೆ ಎಂಬ ಸಂಗತಿ ಕಲಬುರಗಿಗೆ ತಿಳಿದದ್ದು ಆಕೆ ಮಲೇಶಿಯಾದಲ್ಲಿ ಗೆದ್ದ ಮೇಲೆ. ಅದಕ್ಕೂ ಮೊದಲು ಅದು ಗೊತ್ತಿದ್ದದ್ದು ಪಕ್ಕದ ಮನೆಯ ಮಸ್ತಾನಬಿಗೆ ಮಾತ್ರ. ಎರಡೂ ಮನೆಗಳಿಗೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ಹಾಲಿನವನು ಬಂದು ಹೋದ ಕೂಡಲೇ ಈ ಕಡೆಯಿಂದ ಧಪ್ ಧಪ್ ಎಂದು ಶುರುವಾಗುತ್ತಿತ್ತು. ಆ ಕಡೆ ಮಸ್ತಾನಬಿಯ ಕಪಾಟಿನಲ್ಲಿದ್ದ ಪಿಂಗಾಣಿ ಬಸಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

"ಅರೇ ಬೇಟಿ," ಎಂದು ಮಸ್ತಾನಬಿ ಕಿಟಕಿಯಿಂದ ಕೂಗುತ್ತಿದ್ದಳು, "ನನ್ನ ಮನಿ ಹೊಡ್ಯಾದು ಮುಗೀತಂದ್ರ ಹೇಳವಾ. ಗ್ವಾಡಿಗಿ ಕನ್ನಡಿ ತೂಗಹಾಕೋದದ. ಎರಡು ವರ್ಷದಿಂದ ಕೈಯಾಗ ಹಿಡ್ಕೊಂಡೇ ತಲಿ ಬಾಚ್ಕೊಳ್ಳಾಕತ್ತೀನಿ."

ಸುಜಾತಾ ಈ ಆಟಕ್ಕೆ ಬಿದ್ದದ್ದು ಬಿಸಿಲಿನ ದೆಸೆಯಿಂದ. ತಂದೆ ದಿಲೀಪ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸದವರು. ಆಕೆ ಸಣ್ಣವಳಿದ್ದಾಗ ಅವರಿಗೆ ಸಿಕಂದರಾಬಾದಿಗೆ ವರ್ಗವಾಗಿತ್ತು. ಅಲ್ಲಿಯ ಕಾಲೊನಿಯ ಅಂಚಿನಲ್ಲಿ ಇಂಗ್ಲಿಷರ ಕಾಲದ ಒಂದು ಕಟ್ಟಡವಿತ್ತು. ಕಿಟಕಿಯಿಲ್ಲ, ಎತ್ತರದ ನಾಲ್ಕು ಗೋಡೆ, ಹಿಂದೊಂದು ಕುಬ್ಜ ಬಾಗಿಲು. ಮೇ ತಿಂಗಳ ಮಧ್ಯಾಹ್ನ ಕಾಲೊನಿಯಲ್ಲೆಲ್ಲ ತಂಪಾದ ಜಾಗ ಅದೊಂದೇ. ನೆರಳು ಹುಡುಕಿಕೊಂಡು ಒಳಹೊಕ್ಕ ಹುಡುಗಿಗೆ ಅಲ್ಲಿ ಇಮಾಮುದ್ದೀನ್ ಸಿಕ್ಕರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಸಾಹೇಬರ ಮಕ್ಕಳಿಗೆ ಸ್ಕ್ವಾಶ್ ಕಲಿಸಲು ನೇಮಕವಾಗಿದ್ದರು, ಆದರೆ ಸಾಹೇಬರ ಮಕ್ಕಳು ಬರುತ್ತಿರಲಿಲ್ಲ. ಒಬ್ಬರೇ ಗೋಡೆಗೆ ಚೆಂಡು ಹೊಡೆದುಕೊಂಡು ಹಾಜರಿ ತುಂಬುತ್ತಿದ್ದರು.

ಆಟ ಸರಳ. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಕಡೆ ಮುಖ ಮಾಡಿ ನಿಂತು, ಎದುರಿನ ಗೋಡೆಗೆ ಸರದಿಯಂತೆ ಚೆಂಡು ಹೊಡೆಯಬೇಕು. ಪಕ್ಕದ ಗೋಡೆ, ಹಿಂದಿನ ಗೋಡೆ ಯಾವುದಕ್ಕೆ ತಾಗಿದರೂ ಅಡ್ಡಿಯಿಲ್ಲ, ಎದುರುಗೋಡೆಯನ್ನು ಮಾತ್ರ ಮುಟ್ಟಲೇಬೇಕು. ಎರಡು ಸಲ ನೆಲಕ್ಕೆ ಪುಟಿಯಲು ಬಿಟ್ಟವರು ಸೋತಂತೆ. ನೋಡಲು ಜಗಳವಿಲ್ಲದ ಆಟ. ಆಡುವಾಗ ಮೈಗೆ ಮೈ ತಾಗುವಷ್ಟು ಹತ್ತಿರದ ಕದನ. ಸುಜಾತಾಳ ಕಾಲು ಚುರುಕು, ಮಣಿಕಟ್ಟು ಅದಕ್ಕಿಂತ ಚುರುಕು. ಹದಿನೈದಕ್ಕೆ ಕಿರಿಯರ ರಾಷ್ಟ್ರೀಯ ಪಂದ್ಯದಲ್ಲಿ ಫೈನಲ್ ಮುಟ್ಟಿದಳು. ಕಾಲೇಜು ಮುಗಿಯುವ ಹೊತ್ತಿಗೆ ವೃತ್ತಿಪರ ಆಟಗಾರ್ತಿಯಾದಳು.

ವೃತ್ತಿಪರ ಎಂಬ ಮಾತು ಕೇಳಲು ದೊಡ್ಡದು. ಅದರಲ್ಲಿ ಮೊದಲ ಕೆಲವು ವರ್ಷ ಮಾಡಬೇಕಾದದ್ದು ಇಷ್ಟು: ದೂರದ ಯಾವುದೋ ಊರಿಗೆ ಅಗ್ಗದ ವಿಮಾನದಲ್ಲಿ ಹೋಗುವುದು, ನಿದ್ದೆಗಣ್ಣಲ್ಲಿ ಮೊದಲ ಸುತ್ತು ಸೋಲುವುದು, ತಿರುಗಿ ಬಂದು ಸಂಬಂಧಿಕರಿಗೆ ಆ ಊರು ಹೇಗಿತ್ತು ಎಂದು ವರ್ಣಿಸುವುದು. ದಿಲೀಪರಿಗೆ ಮತ್ತೆ ಕಲಬುರಗಿಗೆ ವರ್ಗವಾದ ಮೇಲೆ ಇನ್ನೊಂದು ತಾಪತ್ರಯ ಸೇರಿತು. ಇಲ್ಲಿ ಕೋರ್ಟು ಎಂದರೆ ವಕೀಲರಿರುವ ಕೋರ್ಟು ಮಾತ್ರ. ವಾರದಲ್ಲಿ ಅರ್ಧ ದಿನಗಳು ಹೈದರಾಬಾದಿನ ಅಕಾಡೆಮಿಯಲ್ಲಿ, ಉಳಿದರ್ಧ ಮಸ್ತಾನಬಿಯ ಗೋಡೆಯೊಡನೆ. ಹೀಗೇ ಹೋಗುತ್ತಿದ್ದಾಗ ಮಲೇಶಿಯಾದ ಒಂದು ಪಂದ್ಯಾವಳಿಯಲ್ಲಿ, ಯಾರೂ ಎಣಿಸದೆ ಇದ್ದಾಗ, ಸುಜಾತಾ ಗೆದ್ದುಬಿಟ್ಟಳು. ಜಾಗತಿಕ ಶ್ರೇಯಾಂಕದಲ್ಲಿ ಏಕದಂ ನೂರರ ಸಮೀಪಕ್ಕೆ ಬಂದಳು.

ಊರು ಎಚ್ಚೆತ್ತಿತು. ಕ್ರೀಡಾ ಪ್ರೋತ್ಸಾಹ ಸಮಿತಿಯವರು ಸನ್ಮಾನ ಇಟ್ಟುಕೊಂಡರು. ಸ್ಟೇಶನ್ ಬಜಾರಿನಿಂದ ಸಭಾಭವನದವರೆಗೂ ಬ್ಯಾನರು. ಅದರಲ್ಲಿ ಸುಜಾತಾಳ ಮುಖ, ಅವಳ ಕೈಯಲ್ಲಿ ಬ್ಯಾಡ್ಮಿಂಟನ್ ಬ್ಯಾಟು, ಮೇಲೆ ಹಾರುವ ಶಟಲ್ ಕಾಕು, ಕೆಳಗೆ ಸಮಿತಿಯ ಅಧ್ಯಕ್ಷರ ಮುಖ, ಅವಳದಕ್ಕಿಂತ ದೊಡ್ಡದು. ಬಂದವರಿಗೆಲ್ಲ ಗ್ಲಾಸಿನಲ್ಲಿ ಕಿತ್ತಳೆ ಸ್ಕ್ವಾಶ್ ಕೊಟ್ಟರು. ತಮಾಷೆಗಲ್ಲ, ಸಂದರ್ಭಕ್ಕೆ ತಕ್ಕದ್ದೆಂದು ನಂಬಿಯೇ ಕೊಟ್ಟರು.

ಅಧ್ಯಕ್ಷರು ಮೈಕು ಹಿಡಿದರು. "ಈ ಮಗಳು ಆಡೋ ಆಟಕ್ಕ ಬೇಕಾದದ್ದು ಏನು? ನಾಕು ಗ್ವಾಡಿ! ನಮ್ಮಲ್ಲಿ ಗ್ವಾಡಿ ಕಟ್ಟೋರಿಗೆ ಕಮ್ಮಿ ಅದನೇನ್ರಿ? ಆಕಿ ಆಯಿಯ ಊರು ಕಮಲಾಪುರದಾಗ ಅಂತರರಾಷ್ಟ್ರೀಯ ಮಟ್ಟದ ಸ್ಕ್ವಾಶ್ ಭವನ ಕಟ್ಟಿಸ್ತೀನಿ ಅಂತ ಈ ವೇದಿಕೆ ಮ್ಯಾಲಿಂದ ಘೋಷಣಾ ಮಾಡ್ತೀನಿ!"

ಚಪ್ಪಾಳೆ ಬಿತ್ತು. ಕಲಬುರಗಿಯ ಹುಡುಗಿಗೆ ಕಮಲಾಪುರದಲ್ಲಿ ಭವನ ಯಾಕೆ ಎಂದು ಯಾರೂ ಕೇಳಲಿಲ್ಲ. ಸಮಿತಿಗೆ ಅಲ್ಲೊಂದು ಖಾಲಿ ಜಾಗವಿತ್ತು, ಅಧ್ಯಕ್ಷರಿಗೆ ಅಲ್ಲೊಂದಿಷ್ಟು ಮತವಿತ್ತು.

ಸುಜಾತಾ ಮಾತ್ರ ಆ ಮಾತನ್ನು ಪೂರಾ ನಂಬಿದಳು. ಅಜ್ಜಿ ಭೀಮಬಾಯಿಯ ಮನೆ ಕಮಲಾಪುರದಲ್ಲಿ. ಕೆಂಪು ಬಾಳೆಯ ಸಣ್ಣ ತೋಟ, ಹೆದ್ದಾರಿಯ ಬದಿಯಲ್ಲಿ ಗೊನೆ ತೂಗುಹಾಕಿ ಮಾರುವ ಒಂದು ಚಪ್ಪರ. ಅಜ್ಜಿಯ ಮನೆಯಲ್ಲಿದ್ದುಕೊಂಡು, ಎದ್ದ ಕೂಡಲೇ ನಡೆದು ಹೋಗಿ ಸ್ವಂತ ಕೋರ್ಟಿನಲ್ಲಿ ಅಭ್ಯಾಸ ಮಾಡುವುದನ್ನು ಅವಳು ಅಲ್ಲೇ ಕುರ್ಚಿಯಲ್ಲಿ ಕುಳಿತು ಕಂಡಳು. ಮರುವಾರ ಹೈದರಾಬಾದಿಗೆ ಹೋಗಿ ಅಕಾಡೆಮಿಯಲ್ಲಿದ್ದ ತನ್ನ ಜಾಗವನ್ನು ಸರದಿಯಲ್ಲಿ ಕಾಯುತ್ತಿದ್ದ ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು. ಅದನ್ನು ಹೇಳಲು ಸಿಕಂದರಾಬಾದಿಗೆ ಹೋದಾಗ ಇಮಾಮುದ್ದೀನ್ ಮುಖ ಸಣ್ಣದು ಮಾಡಿದರು.

"ಗೋಡೆ ಎದ್ದದಾ ಬೇಟಾ?"

"ಇನ್ನೂ ಇಲ್ಲ ಸರ್, ಆದ್ರ ಪಕ್ಕಾ ಕಟ್ಟಿಸ್ತಾರ."

"ಮೊದಲು ಕೈಯಿಂದ ಮುಟ್ಟಿ ನೋಡಬೇಕಿತ್ತು," ಎಂದರು ಅವರು.

ಗೋಡೆ ಎದ್ದಿತು. ಅದನ್ನು ಅಲ್ಲಗಳೆಯುವಂತಿಲ್ಲ. ಸರ್ಕಾರಿ ಕಚೇರಿಯ ಜೂನಿಯರ್ ಎಂಜಿನಿಯರ್ ಸುಜಯೀಂದ್ರ ಎಂಬ ತರುಣ, ಕಲಬುರಗಿಯ ಖೂಬಾ ಪ್ಲಾಟಿನವನು, ಸುಜಾತಾಳನ್ನು ಕೂರಿಸಿಕೊಂಡು ಅಳತೆ ಕೇಳಿ, ಪುಸ್ತಕ ತರಿಸಿ ಓದಿ, ಬಲು ಚೆಂದದ ನಕ್ಷೆ ಬರೆದ. ನಕ್ಷೆ ಅವನ ಮೇಜಿನಿಂದ ಮೇಲಿನ ಮೇಜುಗಳಿಗೆ ಹೋಯಿತು. ಅದೇ ಹೊತ್ತಿಗೆ ಸುಜಾತಾ ಪಂದ್ಯಗಳಿಗಾಗಿ ಹೊರದೇಶಕ್ಕೆ ಹೋದಳು. ಆಕೆ ತಿರುಗಿ ಬಂದದ್ದು ನೇರ ಉದ್ಘಾಟನೆಗೆ.

ಭವನದ ಮುಂದೆ ಶಾಮಿಯಾನ, ಬಾಜಾ ಬಜಂತ್ರಿ. ಹಳದಿ ಬಣ್ಣದ ಎತ್ತರದ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ನಡುಮಧ್ಯದಲ್ಲಿ ನೀಲಿ ಬಣ್ಣದ ಜೋಡಿ ಬಾಗಿಲು, ಮೇಲೆ ಮಾವಿನ ತೋರಣ. ಸುಜಾತಾ ಒಳಗೆ ಹೋಗಿ ಸುತ್ತ ನೋಡಿದಳು. ನೆಲಕ್ಕೆ ಒಳ್ಳೆಯ ಮರ ಹಾಸಿದ್ದರು. ಪಕ್ಕದ ಗೋಡೆಗಳು ಕೈ ಜಾರುವಷ್ಟು ನುಣುಪು. ಕೆಂಪು ಗೆರೆಗಳೆಲ್ಲ ಸರಿಯಾದ ಕಡೆಗೇ ಇದ್ದವು. ಹಿಂದಿನ ಗೋಡೆಯಲ್ಲಿ ಬಾಗಿಲಿರಲಿಲ್ಲ. ತಾನು ಒಳಗೆ ಬಂದದ್ದು ಎಲ್ಲಿಂದ ಎಂದು ತಿರುಗಿ ನೋಡಿದಳು. ಬಾಗಿಲಿದ್ದದ್ದು ಎದುರುಗೋಡೆಯಲ್ಲಿ, ಪ್ರತಿಯೊಂದು ಚೆಂಡೂ ಹೋಗಿ ತಾಗಲೇಬೇಕಾದ ಗೋಡೆಯಲ್ಲಿ. ಅದಕ್ಕೆ ಹಿತ್ತಾಳೆಯ ಎರಡು ದಪ್ಪ ಚಿಲಕ, ಒಂದು ಕೊಂಡಿ.

ಸುಜಯೀಂದ್ರ ಮೂಲೆಯಲ್ಲಿ ಬೆವರುತ್ತ ನಿಂತಿದ್ದ.

"ಇದೇನ್ ಮಾಡೀರಿ ಸರ್?"

"ನಾ ಹಿಂದಿನ ಗ್ವಾಡಿಗೇ ಇಟ್ಟಿದ್ದೆ ಮೇಡಂ, ದೇವರಾಣಿ. ಮ್ಯಾಲಿನವರು ವಾಸ್ತು ನೋಡಿಸ್ಯಾರ. ಪೂರ್ವಕ್ಕ ಬಾಗಿಲಾ ಇಲ್ಲಂದ್ರ ಕ್ರೀಡಾಪಟುಗಳಿಗಿ ಜಯ ಇಲ್ಲಂತ."

"ಮತ್ತ ಟಿನ್ ಎಲ್ಲದ?" ಎದುರುಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಒಂದು ತಗಡಿನ ಪಟ್ಟಿ ಇರಬೇಕು. ಚೆಂಡು ಅದಕ್ಕೆ ಬಡಿದರೆ ಢಣ್ ಎನ್ನುತ್ತದೆ, ಹೊಡೆದವರು ತಪ್ಪಿದಂತೆ.

ಸುಜಯೀಂದ್ರ ಮೇಲೆ ನೋಡಿದ. ಸುಜಾತಾಳೂ ನೋಡಿದಳು. ಅಂದಾಜು ಪಟ್ಟಿಯಲ್ಲಿ 'ಟಿನ್' ಎಂದು ಓದಿದ ಗುತ್ತಿಗೆದಾರ, ಗೋಡೆಯ ಬುಡಕ್ಕೆ ಯಾರು ತಗಡು ಹೊಡೆಯುತ್ತಾರೆ, ಬರೆದವರು ತಪ್ಪಿದ್ದಾರೆ ಎಂದುಕೊಂಡು ಅದನ್ನೆಲ್ಲ ಮಾಳಿಗೆಗೆ ಹೊದಿಸಿದ್ದ.

ಅಷ್ಟರಲ್ಲಿ ಗಣ್ಯರು ಬಂದರು. ಕುಳಿತು ನೋಡಲು ಬೇರೆ ಜಾಗವಿಲ್ಲದ್ದರಿಂದ ಕೋರ್ಟಿನೊಳಗೇ, ಹಿಂದಿನ ಗೋಡೆಗೆ ಆನಿಸಿ ಸೋಫಾ ಸಾಲು ಹಾಕಿದ್ದರು. ಮುಂದೆ ಟೀಪಾಯಿ, ಅದರ ಮೇಲೆ ನೀರಿನ ಬಾಟಲಿ, ಗೋಡಂಬಿ. ಸುಜಾತಾಳನ್ನು ಎರಡು ಮಾತಾಡಲು ಕರೆದರು. ಅವಳು ಯೋಚಿಸಿ, ಇರುವ ಸಂಗತಿಯನ್ನೇ ಹೇಳಿಬಿಟ್ಟಳು.

"ಕೋರ್ಟು ಕಟ್ಟಿಸಿದ್ದಕ್ಕ ಧನ್ಯವಾದ. ಆದ್ರ ನಾವು ಯಾವ ಗ್ವಾಡಿಗಿ ಚೆಂಡು ಹೊಡೀತೀವೋ ಅದೇ ಗ್ವಾಡಿಯೊಳಗ ಬಾಗಿಲಾ ಇಟ್ಟಾರ. ಇದರಾಗ ಆಡ್ಲಿಕ್ಕಿ ಆಗಂಗಿಲ್ರಿ."

ಅಧ್ಯಕ್ಷರು ಎದ್ದು ಮೈಕು ತೆಗೆದುಕೊಂಡರು.

"ಕೇಳಿದ್ರಿಲ್ಲ? ಹೆಣ್ಮಕ್ಕಳಿಗಿ ಎಲ್ಲಾರೂ ಗ್ವಾಡಿ ಕಟ್ಟಿದ್ರು. ನಾವು ಆ ಗ್ವಾಡಿಯೊಳಗೂ ಬಾಗಿಲಾ ತೆರದೀವಿ!"

ಅಂದಿನ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಮರುದಿನ ಒಂದು ಪತ್ರಿಕೆಯಲ್ಲಿ ಆ ಮಾತು ಸುಜಾತಾಳ ಹೆಸರಿನಲ್ಲೇ ಅಚ್ಚಾಯಿತು.

ಮೊದಲ ಚೆಂಡು ಹೊಡೆಯುವ ಗೌರವ ಅಧ್ಯಕ್ಷರದು. ಸ್ಕ್ವಾಶ್ ಚೆಂಡು ತಣ್ಣಗಿದ್ದಾಗ ಪುಟಿಯುವುದಿಲ್ಲ. ಹೊಡೆದು ಹೊಡೆದು ಬಿಸಿ ಮಾಡಬೇಕು. ಅಧ್ಯಕ್ಷರು ಹೊಸ ಡಬ್ಬಿ ಒಡೆಸಿ, ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತದೆಂದು ಬ್ಯಾಟು ಎತ್ತಿ ಕಾದರು. ಚೆಂಡು ಬಿದ್ದಲ್ಲೇ ಬಿದ್ದಿತ್ತು. ಇನ್ನೊಂದು ತರಿಸಿದರು. ಅದೂ ಹಾಗೆಯೇ. "ಎಲ್ಲಾ ಸತ್ತ ಮಾಲು ಕೊಟ್ಟಾನ," ಎಂದು ಪಕ್ಕದವರ ಕಿವಿಯಲ್ಲಿ ಉಸುರಿದರು. ಮುಂದಿನ ವಾರ ಚೆಂಡು ಒದಗಿಸಿದವನಿಗೆ, ಪುಟಿಯದ ಚೆಂಡು ಕೊಟ್ಟದ್ದಕ್ಕೆ ಕಾರಣ ಕೇಳಿ ನೋಟಿಸು ಹೋಯಿತು.

ಬಳಿಕ ಪ್ರದರ್ಶನ ಪಂದ್ಯ. ಸುಜಾತಾಳ ಎದುರು ಇಮಾಮುದ್ದೀನರೇ ಆಡಿದರು. ಶಿಷ್ಯೆಯ ಕೋರ್ಟು ನೋಡಲೆಂದು ಆ ವಯಸ್ಸಿನಲ್ಲಿ ರೈಲು ಹತ್ತಿ ಬಂದಿದ್ದರು. ಬಾಗಿಲನ್ನು ಅವರೂ ನೋಡಿದ್ದರು. ಇಬ್ಬರೂ ಚೆಂಡನ್ನು ಬಾಗಿಲಿಗೆ ತಾಗದಂತೆ ಅತ್ತಿತ್ತ ಒಯ್ಯುತ್ತ, ಸೋಫಾಗಳನ್ನು ತಪ್ಪಿಸುತ್ತ ಆಡತೊಡಗಿದರು. ಚೆಂಡು ಬಿಸಿಯಾಗಿ ವೇಗ ಹತ್ತುವ ಹೊತ್ತಿಗೆ ಎದುರುಗೋಡೆ ತಾನಾಗಿಯೇ ತೆರೆಯಿತು. ತಾಟಿನ ತುಂಬ ಚಹಾದ ಕಪ್ಪು ಹಿಡಿದ ಹೋಟೆಲ್ಲಿನವರೊಬ್ಬರು ಒಳಗೆ ಬಂದರು. ಭವನಕ್ಕೆ ಇದ್ದದ್ದು ಅದೊಂದೇ ಬಾಗಿಲು, ಪಾಪ ಅವರಾದರೂ ಎಲ್ಲಿಂದ ಬರಬೇಕು? ಸುಜಾತಾ ಹೊಡೆದ ಚೆಂಡು ಅವರ ಹೆಗಲ ಮೇಲಿಂದ ಹಾರಿ, ತೆರೆದ ಬಾಗಿಲಿನಿಂದ ಹೊರಬಿದ್ದು, ಶಾಮಿಯಾನ ದಾಟಿ ಹೋಯಿತು. ಗಣ್ಯರು ಅದನ್ನು ಸಿಕ್ಸರ್ ಎಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರೈಲಿಗೆ ಬಿಡಲು ಹೋದಾಗ ಇಮಾಮುದ್ದೀನ್ ಅವಳ ತಲೆಯ ಮೇಲೆ ಕೈಯಿಟ್ಟು, "ನೆಲ ಚೊಲೋ ಹಾಕ್ಯಾರ ಬೇಟಾ," ಎಂದಷ್ಟೇ ಹೇಳಿದರು.

ಬಾಗಿಲು ಮುಚ್ಚಿಸಿ ಎಂದು ಸುಜಾತಾ ಕಚೇರಿಗೆ ಅಲೆಯತೊಡಗಿದಳು. ಕೊನೆಗೆ ಸುಜಯೀಂದ್ರ ಅವಳನ್ನು ಹೊರಗೆ ಕರೆದೊಯ್ದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಿಡಿಸಿ ಹೇಳಿದ.

"ನೋಡ್ರಿ ಮೇಡಂ, ಕೆಲಸ ಸರಿಯಾಗಿ ಮುಗದದ ಅಂತ ಬರದು ಕೊಟ್ಟಾಗೇದ. ಈಗ ಬಾಗಿಲಾ ತೆಗೀರಿ ಅಂದ್ರ ಕೆಲಸ ತಪ್ಪಾಗೇದ ಅಂತ ಒಪ್ಕೊಂಡಂಗ. ಸರಿ ಇರೋದನ್ನ ರಿಪೇರಿ ಮಾಡ್ಲಿಕ್ಕಿ ಸರ್ಕಾರದಾಗ ದಾರಿ ಇಲ್ರಿ. ಮುರದಿದ್ರ ಮಾಡಬಹುದು."

"ಅಂದ್ರ ನಾ ಮುರೀಬೇಕೇನ್ರಿ?"

"ಹಂಗ ನಾ ಅಂದಿಲ್ಲ," ಎಂದ ಸುಜಯೀಂದ್ರ. "ಮುರದ್ರ ಕೇಸ್ ಆಗ್ತದ."

ಭೀಮಬಾಯಿ ಇದನ್ನು ಕೇಳಿ, ಗೊನೆಯಿಂದ ಚಿಪ್ಪು ಕೊಯ್ಯುವುದನ್ನು ನಿಲ್ಲಿಸಿದಳು. ಮೊಮ್ಮಗಳ ಆಟ ಅವಳಿಗೆ ಇಂದಿಗೂ ತಿಳಿಯದು, ತಿಳಿಯಬೇಕೆಂಬ ಹಟವೂ ಇಲ್ಲ. "ಅಲ್ಲ ತಂಗಿ, ಸರ್ಕಾರದ ಗ್ವಾಡಿಗಿ ದಿನಾ ಹೊಡದ್ರ ಶಾಲು ಹೊಚ್ಚತಾರ, ಬಾಗಿಲಿಗಿ ಒಮ್ಮಿ ಹೊಡದ್ರ ಜೇಲಿಗಿ ಹಾಕ್ತಾರ. ಇದು ಎಂಥಾ ಆಟ?"

"ಆಟ ಬ್ಯಾರೆ ಆಯಿ, ಇದು ಬ್ಯಾರೆ."

"ನಂಗಂತೂ ಎರಡೂ ಒಂದೇ ಕಾಣಸ್ತದ," ಎಂದು ಅಜ್ಜಿ ಮತ್ತೆ ಕತ್ತಿ ಎತ್ತಿಕೊಂಡಳು.

ಆ ವರ್ಷ ಸುಜಾತಾಳ ಪಾಲಿಗೆ ಕೆಟ್ಟದಾಯಿತು. ಅಕಾಡೆಮಿಯ ಜಾಗ ಹೋಗಿತ್ತು. ಕಮಲಾಪುರದಲ್ಲಿ ಆಡಿದರೆ ಚೆಂಡು ಚಿಲಕಕ್ಕೆ ಬಡಿದು ಎಲ್ಲೆಲ್ಲೋ ಸಿಡಿಯುತ್ತಿತ್ತು. ಅದನ್ನು ತಪ್ಪಿಸಿ ತಪ್ಪಿಸಿ, ಎದುರುಗೋಡೆಯ ನಡುಭಾಗಕ್ಕೆ ಹೊಡೆಯುವುದೇ ಅವಳಿಗೆ ಮರೆತುಹೋಯಿತು. ದೋಹಾದ ಪಂದ್ಯದಲ್ಲಿ ಬಾಗಿಲೇ ಇಲ್ಲದ ಗೋಡೆಯ ಮುಂದೆ ನಿಂತೂ ಅವಳ ಕೈ ಬಾಗಿಲನ್ನು ತಪ್ಪಿಸಿ ಹೊಡೆಯುತ್ತಿತ್ತು. ಎದುರಾಳಿಗೆ ಅದು ಎರಡೇ ಆಟಗಳಲ್ಲಿ ಗೊತ್ತಾಯಿತು. ಮೊದಲ ಸುತ್ತಿನ ಸೋಲು. ಅದರ ಮುಂದಿನದೂ ಅಷ್ಟೆ. ಶ್ರೇಯಾಂಕ ಕುಸಿಯಿತು. ಊರಿನ ಪತ್ರಿಕೆಯೊಂದು 'ಸುಜಾತಾ ಎಡವಿದ್ದೆಲ್ಲಿ?' ಎಂದು ಅರ್ಧ ಪುಟ ಬರೆಯಿತು. ಅದರಲ್ಲಿ ಅಧ್ಯಕ್ಷರ ಅಭಿಪ್ರಾಯವೂ ಇತ್ತು: ಸೌಲಭ್ಯ ಹೆಚ್ಚಾದರೆ ಇಂದಿನ ಮಕ್ಕಳಲ್ಲಿ ಛಲ ಉಳಿಯುವುದಿಲ್ಲ.

ಪತ್ರಿಕೆ ಓದಿದ ದಿಲೀಪರು ಮೊದಲ ಸಲ ಮಗಳ ಮುಂದೆ ಬಾಯಿಬಿಟ್ಟರು. "ರೈಲ್ವೆದಾಗ ಕ್ರೀಡಾ ಕೋಟಾ ಅದ. ಅರ್ಜಿ ಹಾಕ್ತೀಯೇನವಾ?"

"ಇನ್ನೊಂದು ವರ್ಷ ನೋಡ್ತೀನಿ ಅಪ್ಪಾ."

ಹಾಗೆಂದಳೇ ಹೊರತು ಧೈರ್ಯವಿರಲಿಲ್ಲ. ಬ್ಯಾಟುಗಳನ್ನು ಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದಳು. ಗೋಡೆ ಸುಮ್ಮನಾದದ್ದನ್ನು ನೋಡಿ ಮಸ್ತಾನಬಿ ತಾನೇ ಎದ್ದು ಬಂದಳು. ಕೈಯಲ್ಲಿ ಶೀರಖುರ್ಮಾದ ಬಟ್ಟಲು. "ಆರಾಮಿಲ್ಲೇನು ಬೇಟಿ? ನನಗ ಬೆಳಗಾದದ್ದೇ ಗೊತ್ತಾಗವಲ್ದು," ಎಂದಳು. ಸುಜಾತಾ ನಕ್ಕು, ಆಮೇಲೆ ಬಹಳ ಹೊತ್ತು ಅವಳ ಸೆರಗಿನಲ್ಲಿ ಮುಖವಿಟ್ಟು ಅತ್ತಳು.

ಅಷ್ಟರಲ್ಲಿ ಪಂಚಾಯತಿ ಚುನಾವಣೆ ಬಂತು. ಮತಪೆಟ್ಟಿಗೆಗಳನ್ನು ಎಣಿಕೆಯವರೆಗೆ ಇಡಲು ಕಮಲಾಪುರದಲ್ಲಿ ಭದ್ರವಾದ ಕೋಣೆ ಬೇಕಾಯಿತು. ಹೊರಗಿನಿಂದ ಬಂದ ಅಧಿಕಾರಿಗಳು ಊರೆಲ್ಲ ತಿರುಗಿ, ಕಿಟಕಿಯಿಲ್ಲದ, ಎತ್ತರದ ಗೋಡೆಯ, ಯಾರೂ ಬಳಸದ ಕಟ್ಟಡವೊಂದನ್ನು ಕಂಡು ಹಿಗ್ಗಿದರು. ಒಂದೇ ಒಂದು ಕೊರತೆ: ಬಾಗಿಲು ರಸ್ತೆಗೆ ಎದುರಾಗಿದೆ, ಭದ್ರತೆಗೆ ಅದು ಸರಿಯಲ್ಲ. ಆ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿ, ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ತೆಗೆಯಿರಿ ಎಂದರು. ಇಲ್ಲಿ ಕೆಲಸ ತಪ್ಪಾಗಿದೆ ಎಂದು ಯಾರೂ ಒಪ್ಪಬೇಕಾಗಿ ಬರಲಿಲ್ಲ. ವಾಸ್ತುವನ್ನು ಯಾರೂ ಕೇಳಲಿಲ್ಲ. ಸುಜಯೀಂದ್ರ ಮೇಸ್ತ್ರಿಯ ಬೆನ್ನಿಗೆ ನಿಂತು, ಗಿಲಾವು ಕನ್ನಡಿಯಂತಾಗುವವರೆಗೂ ಉಜ್ಜಿಸಿದ. ಮತಪೆಟ್ಟಿಗೆ ಇಡುವುದಕ್ಕೆ ಇಷ್ಟು ನುಣುಪು ಯಾಕೆ ಎಂದು ಮೇಸ್ತ್ರಿ ಕೇಳಿದಾಗ, "ಮ್ಯಾಲಿಂದ ಆರ್ಡರ್ ಅದ," ಎಂದ. ಸಂಜೆಗೆ ಸುಜಾತಾಳಿಗೆ ಫೋನು ಮಾಡಿದ.

"ಮೇಡಂ, ಎಣಿಕಿ ಮುಗೀಲಿ. ಆಮ್ಯಾಲ ಬಂದು ನೋಡ್ರಿ."

ಎಣಿಕೆ ಮುಗಿಯಿತು. ಯಾರೋ ಗೆದ್ದರು, ಯಾರೋ ಸೋತರು. ಸುಜಾತಾಳ ಮಟ್ಟಿಗೆ ಗೆದ್ದದ್ದು ಆ ಗೋಡೆ. ಬೀಗದ ಕೈ ಸಿಕ್ಕ ದಿನ ಒಳಗೆ ಹೋಗಿ, ಇಮಾಮುದ್ದೀನರು ಹೇಳಿದ್ದಂತೆ ಮೊದಲು ಗೋಡೆಯನ್ನು ಅಂಗೈಯಿಂದ ಸವರಿದಳು. ಬಳಿಕ ನಡುಮಧ್ಯಕ್ಕೆ ಒಂದು ಏಟು ಕೊಟ್ಟಳು. ಚೆಂಡು ನೇರ ಹೋಗಿ ನೇರ ಬಂತು. ಬುಡದ ತಗಡಿಗೆ ಯಾರನ್ನೂ ಕೇಳಲು ಹೋಗಲಿಲ್ಲ. ಅಜ್ಜಿಯ ದನದ ಕೊಟ್ಟಿಗೆಯಿಂದ ಒಂದು ಹಾಳೆ ತಂದು ತಾನೇ ಮೊಳೆ ಹೊಡೆದಳು. ಅಧ್ಯಕ್ಷರು ಮುಂದಿನ ಸಭೆಯಲ್ಲಿ, ಕ್ರೀಡೆ ಮತ್ತು ಪ್ರಜಾಪ್ರಭುತ್ವ ಎರಡಕ್ಕೂ ಒದಗುವಂತೆ ತಾವು ಮುಂದಾಲೋಚನೆಯಿಂದ ಕಟ್ಟಿಸಿದ ಭವನ ಅದು ಎಂದರು.

ಸುಜಾತಾ ಆ ಮಳೆಗಾಲವೆಲ್ಲ ಕಮಲಾಪುರದಲ್ಲಿ ಉಳಿದಳು. ಮಾಳಿಗೆಯ ತಗಡಿನ ಮೇಲೆ ಮಳೆ ಬಿದ್ದಾಗ ಚೆಂಡಿನ ಸದ್ದು ಕೇಳುತ್ತಿರಲಿಲ್ಲ. ಕಣ್ಣಿನಿಂದಲೇ ಆಡುವುದು ರೂಢಿಯಾಯಿತು. ಎದುರಾಳಿ ಬೇಕಲ್ಲ ಎಂದು ಊರಿನ ಹುಡುಗಿಯರಿಗೆ ಕಲಿಸತೊಡಗಿದಳು. ಹೆಚ್ಚಿನವರು ನಾಲ್ಕು ದಿನ ಬಂದು ಬಿಟ್ಟರು. ಉಳಿದವಳು ಹಾಜಿರಾ, ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣು ಮಾರುವವರ ಮಗಳು, ಒಂಬತ್ತನೆಯ ತರಗತಿ. ಸೋತರೆ ಅಳುತ್ತಿರಲಿಲ್ಲ, ವಾದಿಸುತ್ತಿದ್ದಳು. ಸುಜಾತಾಳಿಗೆ ಅದೇ ಹಿಡಿಸಿತು.

ಅಕ್ಟೋಬರಿನಲ್ಲಿ ಕೈರೋದಲ್ಲಿ ದೊಡ್ಡ ಪಂದ್ಯ. ಸುಜಾತಾ ಅರ್ಹತಾ ಸುತ್ತು ದಾಟಿ, ಮತ್ತೆ ಎರಡು ಸುತ್ತು ಗೆದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಅಲ್ಲಿಯ ಹುಡುಗಿಯೊಬ್ಬಳಿಗೆ ಐದು ಆಟಗಳ ತನಕ ಬೆವರಿಳಿಸಿ ಸೋತಳು. ಸೋತರೂ ಶ್ರೇಯಾಂಕ ಮೊದಲ ಬಾರಿಗೆ ನೂರರ ಒಳಗೆ ಬಂತು. ಕಲಬುರಗಿ ಸ್ಟೇಶನ್ನಿನಲ್ಲಿ ಇಳಿದಾಗ ಬ್ಯಾನರು ಇರಲಿಲ್ಲ. ಕ್ವಾರ್ಟರ್ ಫೈನಲ್ ಎಂದರೆ ಗೆಲುವೋ ಸೋಲೋ ಎಂದು ಸಮಿತಿಗೆ ತೀರ್ಮಾನವಾಗಿರಲಿಲ್ಲವಂತೆ. ಆಟೋದವರು ಚೀಲ ನೋಡಿ, "ಗಿಟಾರ್ ಏನ್ರಿ ಅಕ್ಕಾರ?" ಎಂದು ಕೇಳಿದರು. ಹೌದೆಂದುಬಿಟ್ಟಳು.

ಮನೆಯಲ್ಲಿ ಒಂದು ರಾತ್ರಿ ಇದ್ದು, ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದಳು. ಭವನದ ಹಿಂಬಾಗಿಲು ತೆರೆದಿತ್ತು. ಒಳಗಿನಿಂದ ಚೆಂಡಿನ ಸದ್ದು ಬರುತ್ತಿತ್ತು, ಒಂದೇ ಹದದಲ್ಲಿ, ಎಡೆಬಿಡದೆ. ಸುಜಾತಾ ಹೊಸ್ತಿಲ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಹಾಜಿರಾಳ ಮೊಣಕೈ ಇನ್ನೂ ಎತ್ತರ ಏಳುತ್ತಿತ್ತು, ಆದರೆ ಕಾಲು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬರುತ್ತಿತ್ತು. ಇದನ್ನು ಹೇಳಬೇಕೆಂದು ಒಂದು ಹೆಜ್ಜೆ ಒಳಗಿಟ್ಟಳು.

"ಅಕ್ಕಾ, ಅಲ್ಲೇ ನಿಲ್ರಿ!" ಹಾಜಿರಾ ತಿರುಗದೆಯೇ ಕಿರುಚಿದಳು. "ಹೊರಗಿನ ಚಪ್ಪಲಿ ಹಾಕ್ಕೊಂಡು ಮರದ ಮ್ಯಾಲ ಬರ್ತಾರೇನ್ರಿ ಯಾರಾರ? ನಿನ್ನೀನೇ ಒರಸೀನಿ."

ಜಗತ್ತಿನ ತೊಂಬತ್ತಾರನೆಯ ಆಟಗಾರ್ತಿ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದಳು.